ಬಳೆಗೆ ಹೊದಿಸಿದ ಕೌದಿ

ತಂಗಿಯ ದನಿಯನ್ನು ಕೆಡಿಸಿದವನು ನಾನೇ. ಇದನ್ನು ಒಪ್ಪಿಕೊಳ್ಳಲು ನನಗೆ ಒಂದು ವಾರ ಹಿಡಿಯಿತು. ನನ್ನ ಮೂಗಿನ ತುದಿಯ ಸಿಟ್ಟನ್ನು ಬಲ್ಲವರು, ಪರವಾಗಿಲ್ಲ, ಬೇಗನೇ ಒಪ್ಪಿಕೊಂಡ ಎನ್ನುತ್ತಾರೆ.

ಹೊಸ ಶತಮಾನದ ಮೊದಲ ವರ್ಷಗಳು. ಪುಣೆಯಲ್ಲಿ ಜಾಹೀರಾತಿನ ಹಾಡು ತಯಾರಿಸುವ ಸ್ಟುಡಿಯೋ ಒಂದರಲ್ಲಿ ನಾನು ಸಹಾಯಕ. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಅಪ್ಪ ಸದಾಶಿವ ಪೇಠದ ಹಳೆಯ ವಾಡೆಯೊಂದರಲ್ಲಿ ಎರಡು ಕೋಣೆ ಹಿಡಿದಿದ್ದರು. ಒಳಕೋಣೆಯಲ್ಲಿ ಕಂಪ್ಯೂಟರು, ಮೈಕು ಇಟ್ಟುಕೊಂಡು ನಾನದನ್ನು ಸ್ಟುಡಿಯೋ ಎಂದು ಕರೆಯುತ್ತಿದ್ದೆ. ಅಪ್ಪನ ಪಾಲಿಗೆ ಅದು 'ಮಷಿನ್ ಖೋಲಿ'.

ನಾನು ರಾಗ ಹಾಕಿದ ಒಂದು ಮರಾಠಿ ಪಾಪ್ ಹಾಡನ್ನು ಹೆರಿಗೆಗೆ ತವರಿಗೆ ಬಂದಿದ್ದ ತಂಗಿ ಅಲ್ಲಿ ಹಾಡಿದಳು. ಸಿ.ಡಿ. ಹಿಡಿದು ಒಂದು ಕ್ಯಾಸೆಟ್ ಕಂಪನಿಗೆ ಹೋದೆ. ಅಲ್ಲಿನ ಸಾಹೇಬರು ಕೇಳಿ, "ಧಾಟಿ ಚೆನ್ನಾಗಿದೆ, ಇಟ್ಟುಕೊಳ್ಳೋಣ. ಈ ದನಿ ಬೇಡ. ಬಚ್ಚಲಲ್ಲಿ ನಿಂತು ಕೂಗಿದಂತಿದೆ. ಬೇರೆ ಹುಡುಗಿ ಹಾಡಲಿ" ಎಂದರು. ತಿಂಗಳ ಕೊನೆಯೊಳಗೆ ಬೇರೆ ದನಿಯಲ್ಲಿ ಮಾಡಿ ತರಬೇಕು.

ಮನೆಗೆ ಬಂದು ಹೇಳಿದೆ. ತಂಗಿ ನನ್ನ ಮುಖ ನೋಡಲಿಲ್ಲ. "ಹಾಡ ನಿಂದು, ಅಣ್ಣಾ. ಬ್ಯಾರೇದಾಕಿ ಹಾಡ್ಲಿ ಬಿಡು" ಎಂದು ಪಾತ್ರೆ ತೊಳೆಯಲು ಹೋದಳು. ಎಂದೂ ಇಷ್ಟು ಸದ್ದು ಮಾಡಿ ಅವಳು ಪಾತ್ರೆ ತೊಳೆದದ್ದಿಲ್ಲ. ನನಗೆ ಸಾಹೇಬರ ಮೇಲೆ ಕೆಂಡದಂಥ ಕೋಪ ಬಂತು.

ವಾರ ಕಳೆದ ಮೇಲೆ ನಾನು ಕೆಲಸಕ್ಕಿದ್ದ ಸ್ಟುಡಿಯೋದ ದೊಡ್ಡ ಸ್ಪೀಕರಿನಲ್ಲಿ ಅದನ್ನೇ ಹಾಕಿ ಕೇಳಿದೆ. ಸಾಹೇಬರು ಹೇಳಿದ್ದು ನಿಜ, ಬಚ್ಚಲೇ. ತಪ್ಪು ಮಾತ್ರ ನನ್ನದು. ಬೋಳು ಗೋಡೆಗಳ ಕೋಣೆಯಲ್ಲಿ, ಭಜನೆಯವರನ್ನು ನಿಲ್ಲಿಸುವ ಹಾಗೆ, ಮೈಕಿನಿಂದ ಒಂದು ಮಾರು ದೂರ ಅವಳನ್ನು ನಿಲ್ಲಿಸಿದ್ದೆ. ಅಮ್ಮನ ಭಜನಾ ಮಂಡಳಿಯಲ್ಲಿ ಬೆಳೆದವಳು ಗಂಟಲು ಬಿಟ್ಟು ಹಾಡಿದ್ದಳು, ಗೋಡೆಗಳು ಮರುದನಿ ಕೊಟ್ಟಿದ್ದವು.

ಬೇರೆ ಹುಡುಗಿಯನ್ನು ಹುಡುಕದೆ ತಂಗಿಯಿಂದಲೇ ಮತ್ತೆ ಹಾಡಿಸಲು ನಿರ್ಧರಿಸಿದೆ. ಹಗ್ಗ ಕಟ್ಟಿ ಅಮ್ಮ ಹೊಲಿದ ಕೌದಿಗಳನ್ನೆಲ್ಲ ಮೈಕಿನ ಸುತ್ತ ಇಳಿಬಿಟ್ಟೆ. ಹಳೆ ಸೀರೆಗಳನ್ನು ಪದರಪದರವಾಗಿ ಸೇರಿಸಿ ಹೊಲಿದ ಕೌದಿ ದನಿಯನ್ನು ಗುಟುಕ್ಕೆಂದು ನುಂಗುತ್ತದೆ. ತಂಗಿಯನ್ನು ಒಂದು ಗೇಣು ದೂರಕ್ಕೆ ತಂದು, "ಊರಿಗೆಲ್ಲ ಹಾಡಬ್ಯಾಡ. ಒಬ್ಬರ ಕಿವ್ಯಾಗ ಹೇಳಿದಂಗ ಹಾಡು" ಎಂದೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ನಮ್ಮ ಪೇಠದ ಅಂಗಡಿಗಳು ಬಾಗಿಲೆಳೆದು ಮಲಗುತ್ತವೆ. ಹೊರಗಿನವರು ಅದನ್ನು ಆಡಿಕೊಂಡು ನಗುತ್ತಾರೆ, ರೆಕಾರ್ಡಿಂಗಿಗೆ ಆ ಸದ್ದಿಲ್ಲದ ಹೊತ್ತೇ ನನಗೆ ವರವಾಯಿತು.

ಆದರೆ ಹಾಡಿನ ನಡುವೆ ಕಿಣಿಕಿಣಿ. ಬಸುರಿಗೆ ಮಾಡುವ ಕುಬಸದಲ್ಲಿ ತೊಡಿಸಿದ್ದ ಹಸಿರು ಗಾಜಿನ ಬಳೆಗಳು, ಎರಡೂ ಕೈ ತುಂಬ. ಕೈ ಆಡಿಸದೆ ಹಾಡುವುದು ಅವಳಿಂದಾಗದು. ಬಳೆ ತೆಗೆಯೆಂದು ರೇಗಿದೆ. ತಂಗಿ ಕಣ್ಣು ತುಂಬಿಕೊಂಡಳು, ಅಮ್ಮ ಒಳಗೆ ಬಂದಳು.

"ಹಸರ ಬಳಿ ತಗಿಯೂದಂದ್ರ ಏನು? ಕೂಸು ಕೈಗೆ ಬರೂತನಕ ಅವು ಕೈಯಾಗಽ ಇರಬೇಕು."

"ಮೈಕಿಗೆ ಕೇಳಸ್ತದ ಅವ್ವಾ."

"ನಿನ್ನ ಮೈಕಿಗೆ ಭಾಳ ಸೊಕ್ಕ ಅದ."

ಹಾಗೆ ಬೈದವಳೇ ಮರುದಿನ ಹಳೆ ಸೀರೆ ಕತ್ತರಿಸಿ, ನಾಲ್ಕು ಪದರ ಹಾಕಿ, ಕೌದಿಯ ಹೊಲಿಗೆಯಲ್ಲೇ ಎರಡು ತೋಳುಚೀಲ ಹೊಲಿದು ತಂದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಬಳೆಗಳು ಅದರೊಳಗೆ ಬಿಗಿಯಾಗಿ ಕೂತವು. ಅಕ್ಷರ ಬಾರದ ನನ್ನ ತಾಯಿ ನನಗಿಂತ ಒಳ್ಳೆಯ ರೆಕಾರ್ಡಿಂಗ್ ತಜ್ಞೆ ಎಂದು ಇಂದಿಗೂ ಎದೆ ತಟ್ಟಿ ಹೇಳುತ್ತೇನೆ.

ತುಂಬು ಬಸುರಿಯಾದ್ದರಿಂದ ತಂಗಿಗೆ ಉಸಿರು ಸಾಲುತ್ತಿರಲಿಲ್ಲ. ಎರಡೆರಡು ಸಾಲು ಹಾಡಿಸಿ, ನೀರು ಕುಡಿಸಿ, ಕೂರಿಸಿ, ಮತ್ತೆ ನಿಲ್ಲಿಸಿದೆ. ಫ್ಯಾನು ಬಂದ್, ಬೆವರು ಧಾರಾಕಾರ. ಪಲ್ಲವಿಗೆ ಮೈ ತುಂಬಲೆಂದು ಅದನ್ನೇ ಇನ್ನೊಮ್ಮೆ ಹಾಡಿಸಿ ಮೊದಲಿನದರ ಮೇಲೆ ಕೂರಿಸಬೇಕಿತ್ತು. ಸ್ಟುಡಿಯೋದಲ್ಲಿ ಪಳಗಿದವರೇ ಇಲ್ಲಿ ಮುಗ್ಗರಿಸುವುದನ್ನು ನೋಡಿದ್ದೇನೆ. ಇವಳ ಎರಡು ದನಿಗಳು ಎಲ್ಲಿ ಶುರು, ಎಲ್ಲಿ ನಿಲುಗಡೆ ಎಂಬುದರಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗಲಿಲ್ಲ. ಹೆಡ್‌ಫೋನಿನಲ್ಲಿ ಕೇಳುತ್ತ ನನಗೆ ರೋಮಾಂಚನವಾಯಿತು.

ತಿಂಗಳ ಕೊನೆಗೆ ಕಂಪನಿಗೆ ಹೊರಟಾಗ ತಾನೂ ಬರುತ್ತೇನೆಂದಳು. ರಿಕ್ಷಾದಲ್ಲಿ ನಿಧಾನವಾಗಿ ಕರೆದೊಯ್ದೆ. ಸಾಹೇಬರು ಅವಳಿಗೊಂದು ಕುರ್ಚಿ ತೋರಿಸಿ, ಸಿ.ಡಿ. ಹಾಕಿ, ಎರಡು ಸಲ ಕೇಳಿದರು.

"ನೋಡಿ, ದನಿ ಬದಲಿಸಿದ್ದಕ್ಕೇ ಎಷ್ಟು ಚೆಂದವಾಯಿತು! ಯಾರೀಕೆ? ಮುಂಬೈಯವಳೇ?"

ನಾನು ಬಾಯಿ ತೆರೆಯುವ ಮೊದಲೇ ತಂಗಿ ಕುರ್ಚಿಯ ಕೈ ಹಿಡಿದು ಎದ್ದು ನಿಂತಳು. "ನಾನೇ ಹಾಡಿದ್ದು, ಸಾಹೇಬ. ಮೊದಲಿನದೂ ನನ್ನದೇ" ಎಂದು ತಿದ್ದಿ ಬರೆದಂಥ ಮರಾಠಿಯಲ್ಲಿ ಹೇಳಿದಳು.

ಸಾಹೇಬರು ಕನ್ನಡಕ ತೆಗೆದು ಅವಳನ್ನು ನೋಡಿದರು. ಕ್ಯಾಸೆಟ್ಟಿನ ಹೊದಿಕೆಗೆ ಅಚ್ಚಾಗಬೇಕಿದ್ದ ಕಾಗದ ಮೇಜಿನ ಮೇಲೆಯೇ ಇತ್ತು. ಹಾಡುಗಾರ್ತಿಯ ಹೆಸರು ಹೇಗೆ ಬರೆಯಲಿ ಎಂದು ಕೇಳಿದರು. ಅವಳು ಅವರ ಕೈಯಿಂದಲೇ ಪೆನ್ನು ತೆಗೆದುಕೊಂಡು ತಾನೇ ಬರೆದಳು, ಅದೂ ರಾಗ ಹಾಕಿದವನ ಹೆಸರಿಗಿಂತ ಮೇಲೆ. ಅಲ್ಲೇ ಇರಲಿ ಎಂದೆ.