ನೀರು ಮುಟ್ಟದ ಕಂಡಕ್ಟರ್

ನನ್ನ ಅಕ್ಕನನ್ನು ಬಸ್ಸಿನವರೆಲ್ಲ ಗುಡುಗಮ್ಮ ಎಂದೇ ಕರೆಯುತ್ತಾರೆ. ಅವಳು ಕಂಡಕ್ಟರ್. ಹಿಂದಿನ ಬಾಗಿಲಲ್ಲಿ ನಿಂತು ಒಮ್ಮೆ "ಒಳಗೆ ಹೋಗ್ರೀ" ಎಂದರೆ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದವರೂ ಬೆಚ್ಚಿ ಎದ್ದು ನಿಲ್ಲುತ್ತಾರೆ. ಚಿಲ್ಲರೆಗೆ ಜಗಳ ತೆಗೆದವರ ನೀರಿಳಿಸಿ ಕಳಿಸುವ ಇವಳು, ತನ್ನ ಮೈಯ ವಿಷಯಕ್ಕೆ ಬಂದರೆ ಮಾತ್ರ ಮೂಗಿ. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಅವಳೊಬ್ಬಳನ್ನೇ ಬೈದು ಏನು ಪ್ರಯೋಜನ? ಅವಳ ಡಿಪೋದ ಹೆಂಗಸರದ್ದೆಲ್ಲ ಒಂದೇ ಪದ್ಧತಿ: ಡ್ಯೂಟಿಗೆ ಹತ್ತಿದರೆ ನೀರು ಮುಟ್ಟುವುದಿಲ್ಲ. ಬಸ್ ನಿಲ್ದಾಣದಲ್ಲಿ ಹೆಂಗಸರ ಶೌಚಾಲಯ ಅಂತ ಒಂದಿದೆ, ಒಳಗೆ ಹಳೇ ಟೈರು ತುಂಬಿದ್ದಾರೆ. ಗಂಡಸರಿಗಾದರೆ ಕಾಂಪೌಂಡ್ ಗೋಡೆ ಇದೆ. ಇವರು ಬೆಳಿಗ್ಗೆ ತುಂಬಿಸಿ ತಂದ ಬಾಟಲಿಯನ್ನು ಸಂಜೆ ಹಾಗೇ ಮನೆಗೆ ಹೊರುತ್ತಾರೆ. ಹೊಸದಾಗಿ ಸೇರಿದವಳಿಗೆ ಟಿಕೆಟ್ ಮೆಷಿನ್‌ಗಿಂತ ಮೊದಲು ಕಲಿಸುವುದು ತಡೆದುಕೊಳ್ಳುವುದನ್ನು. "ಸ್ವಲ್ಪ ದಿನ ಕಷ್ಟ, ಆಮೇಲೆ ಮೈ ಪಳಗುತ್ತೆ" ಎಂದು ಅಕ್ಕ ಎಷ್ಟು ಜನಕ್ಕೆ ಪಾಠ ಮಾಡಿದ್ದಾಳೋ. ಅದೇನೋ ದೊಡ್ಡ ವಿದ್ಯೆ ಎನ್ನುವ ಹಾಗೆ!

ಹೀಗಿರುವಾಗ ಅವಳಿಗೆ ಕಾಲು ನೋವು ಶುರುವಾಯಿತು. ಎಡಗಡೆ ಸೊಂಟದ ಕೆಳಗೆ ಹುಟ್ಟಿ, ತೊಡೆಯ ಹಿಂಭಾಗದಿಂದ ಹಿಮ್ಮಡಿಯವರೆಗೆ ಕರೆಂಟ್ ಹೊಡೆದ ಹಾಗೆ ಇಳಿಯುತ್ತಿತ್ತು. ಕೆಮ್ಮಿದರೆ, ಸೀನಿದರೆ ಜೀವ ಬಾಯಿಗೆ ಬರುತ್ತಿತ್ತು. ಭಾವ ಮಹಾಶಯರು ಯಾರೋ ನರ ಎಳೆಯುವವನನ್ನು ಕರೆತಂದರು. ಅವನು ಅವಳ ಬೆನ್ನಿನ ಮೇಲೆ ಹತ್ತಿ ನಿಂತ, ಅವಳು ವಾರವಿಡೀ ಹಾಸಿಗೆ ಬಿಟ್ಟು ಏಳಲಿಲ್ಲ. ಆಮೇಲೆ ಸ್ವಲ್ಪ ದಿನ ಕೂತು ಮಾಡುವ ಕೆಲಸ ಕೊಡಿ ಎಂದು ನಿಲ್ದಾಣದಲ್ಲಿ ಬಸ್ಸು ಬಿಡುವ ಕಂಟ್ರೋಲರ್‌ನನ್ನು ಕೇಳಿದ್ದಕ್ಕೆ ಅವನು, "ಇದೇನು ಮಾವನ ಮನೆನಾ?" ಅಂದನಂತೆ. ಅವನ ಬಾಯಿಗಿಷ್ಟು ಮಣ್ಣು ಹಾಕ.

ಕೊನೆಗೆ ನಾನೇ ಅವಳನ್ನು ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ. ಅವರು ಕಾಲೆತ್ತಿಸಿ, ಪಾದ ಒತ್ತಿಸಿ ನೋಡಿ ಬಿಡಿಸಿ ಹೇಳಿದರು.

"ನೋವು ಕಾಲಲ್ಲಿ, ಮೂಲ ಸೊಂಟದಲ್ಲಿ. ಬೆನ್ನುಮೂಳೆಗಳ ನಡುವೆ ಇರೋ ಮೆತ್ತೆ ಉಬ್ಬಿ ಕಾಲಿನ ನರದ ಬುಡ ಒತ್ತುತ್ತಿದೆ. ಸಯಾಟಿಕಾ ಅಂತಾರೆ. ತುಂಬಾ ಜನಕ್ಕೆ ಕೆಲವು ವಾರದಲ್ಲಿ ತಾನಾಗೇ ಇಳಿಯುತ್ತೆ. ಹಾಸಿಗೆ ಹಿಡೀಬೇಡಿ, ಆದಷ್ಟು ಓಡಾಡಿ, ನಾನು ತೋರಿಸೋ ವ್ಯಾಯಾಮ ಮಾಡಿ. ಬೆನ್ನು ಯಾರ ಕೈಗೂ ಕೊಡಬೇಡಿ."

ಆಮೇಲೆ ಕನ್ನಡಕ ತೆಗೆದು, "ಒಂದು ಮಾತು ನೆನಪಿಡಿ. ಕೂರೋ ಜಾಗ ಮರಗಟ್ಟಿದ್ರೆ, ಕಾಲು ಸೋತ್ರೆ, ಮೂತ್ರ ಕಟ್ಟಿದ್ರೆ ಇಲ್ಲಾ ಗೊತ್ತಿಲ್ದೆ ಹೋದ್ರೆ, ಮಾರನೇ ದಿನಕ್ಕೆ ಕಾಯ್ಬೇಡಿ. ಕೂಡ್ಲೇ ದೊಡ್ಡಾಸ್ಪತ್ರೆಗೆ ಹೋಗಿ. ತಡ ಮಾಡಿದ್ರೆ ಹೋದ ಶಕ್ತಿ ವಾಪಸ್ ಬರದೇ ಇರಬಹುದು" ಎಂದರು.

ಹೊರಗೆ ಬಂದ ಮೇಲೆ ಅಕ್ಕ ಗೋಡೆ ಹಿಡಿದುಕೊಂಡು ನಕ್ಕಳು. "ಮೂತ್ರ ಕಟ್ಟಿದ್ರೆ ಆಸ್ಪತ್ರೆಗಂತೆ! ಹಾಗಾದ್ರೆ ನಮ್ಮ ಡಿಪೋನೇ ಖಾಲಿ ಆಗುತ್ತೆ ಬಿಡೇ."

ನನ್ನ ಮನೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದೆ. ಮಧ್ಯಾಹ್ನದ ಬಿಡುವಿನಲ್ಲಿ ಅಕ್ಕ ಊಟಕ್ಕೆ ಬರುತ್ತಾಳೆ. ಊಟ ಬರೀ ನೆಪ. ಬಾಗಿಲು ದಾಟಿದವಳೇ ಚಪ್ಪಲಿ ಒಂದು ಕಡೆ, ಚೀಲ ಒಂದು ಕಡೆ ಎಸೆದು ಬಚ್ಚಲಿಗೆ ಓಡುತ್ತಾಳೆ. ಆಮೇಲೆಯೇ ಮಾತು. ನೋವು ಶುರುವಾದ ಮೇಲೂ ಕುಂಟುತ್ತಲೇ ಓಡುತ್ತಿದ್ದಳು.

ಆದರೆ ಡಾಕ್ಟರಮ್ಮನನ್ನು ಕಂಡು ಕೆಲವು ದಿನಗಳಾದ ಮೇಲೆ ಒಂದು ಮಧ್ಯಾಹ್ನ ಬಂದವಳು ಸೀದಾ ಕುರ್ಚಿಯಲ್ಲಿ ಕೂತಳು. ಮುಖ ಗೆಲುವಾಗಿತ್ತು.

"ಇವತ್ತು ನೋವು ಎಷ್ಟೋ ವಾಸಿ ಕಣೆ. ಊಟ ಹಾಕು, ಬೇಗ ಹೋಗ್ಬೇಕು."

"ಬಚ್ಚಲಿಗೆ ಹೋಗಲ್ವಾ?"

"ಬೇಡ. ನಿನ್ನೆ ರಾತ್ರಿಯಿಂದ ಬೇಕು ಅಂತಾನೇ ಅನ್ನಿಸಿಲ್ಲ. ಹೇಳಿರಲಿಲ್ವಾ, ಮೈ ಪಳಗುತ್ತೆ ಅಂತ!" ಎಂದು ಕೂತಲ್ಲೇ ಮಿಸುಕಾಡಿದಳು. "ಇದೇನೇ, ಕುರ್ಚಿಗೆ ದಿಂಬು ಹಾಕಿಸಿದ್ಯಾ? ಮೆತ್ತಗಿದೆ."

ಅದು ಬರೀ ಮರದ ಕುರ್ಚಿ.

ಡಾಕ್ಟರಮ್ಮ ನೆನಪಿಡಿ ಎಂದದ್ದು ತಲೆಗೆ ಬಂತು. "ಏಳು, ಆಸ್ಪತ್ರೆಗೆ ಹೋಗೋಣ" ಎಂದೆ. ಅವಳೆಲ್ಲಿ ಕೇಳುತ್ತಾಳೆ? ಟ್ರಿಪ್ ಮುಗಿಸಿ ಬರುತ್ತೇನೆ, ಸಂಜೆ ನೋಡೋಣ, ನೋವೇ ಇಲ್ಲದಾಗ ಆಸ್ಪತ್ರೆ ಯಾಕೆ ಎಂದು ವಾದ. ಅತ್ತ ನಿಲ್ದಾಣದಲ್ಲಿ ಡ್ರೈವರ್ ಹಾರನ್ ಬಾರಿಸುತ್ತಿದ್ದ. ಅವಳ ಕೈಯಿಂದ ಟಿಕೆಟ್ ಮೆಷಿನ್ ಕಿತ್ತುಕೊಂಡು ಓಣಿ ದಾಟಿ ಓಡಿದೆ. ಅವಳು ಎಡಗಾಲು ಎಳೆಯುತ್ತ ಹಿಂದೆ ಬಂದಳು. ಕಂಟ್ರೋಲರ್‌ನ ಮೇಜಿನ ಮೇಲೆ ಮೆಷಿನ್ ಕುಕ್ಕಿ, ಇವಳಿಗೆ ನಿನ್ನೆ ರಾತ್ರಿಯಿಂದ ಮೂತ್ರ ಬಂದಿಲ್ಲ, ಟ್ರಿಪ್ ಕ್ಯಾನ್ಸಲ್ ಮಾಡಿ ಎಂದೆ.

"ಏನಮ್ಮ ಇದು? ಉಚ್ಚೆ ಬಂದಿಲ್ಲ ಅಂತ ಯಾರಾದ್ರೂ ಟ್ರಿಪ್ ಕ್ಯಾನ್ಸಲ್ ಮಾಡ್ತಾರಾ?" ಎಂದು ಅವನು ಸುತ್ತಲಿನವರನ್ನು ನೋಡಿ ನಕ್ಕ.

"ಮಾಡ್ತಾರೆ. ನಾನು ಮಾಡ್ತಾ ಇದ್ದೀನಿ. ನಿಮ್ಮ ಮನೆ ಹೆಂಗಸರನ್ನ ಒಂದು ದಿನ ಆ ಟೈರುಗಳ ಪಕ್ಕ ನಿಲ್ಲಿಸಿ, ಆಮೇಲೆ ನಗಿ" ಎಂದೆ. ಇಡೀ ನಿಲ್ದಾಣಕ್ಕೆ ಕೇಳಿಸುವ ಹಾಗೆ ಅಂದೆ. ಗಂಟಲು ನಮ್ಮ ಮನೆತನದ ಆಸ್ತಿ. ಅಕ್ಕನನ್ನು ಆಟೋಗೆ ತಳ್ಳಿದೆ. ಸಾಲು ಬಸ್ಸುಗಳ ಕಂಡಕ್ಟರ್ ಹೆಂಗಸರು ಕಿಟಕಿಯಿಂದ ನೋಡುತ್ತಿದ್ದರು.

ಆಸ್ಪತ್ರೆಯಲ್ಲಿ ಮೂತ್ರ ತೆಗೆಯಲು ನಳಿಕೆ ಹಾಕಿದಾಗ ಚೀಲ ತುಂಬಿ, ಇನ್ನೊಂದು ತರಬೇಕಾಯಿತು. ಇಷ್ಟು ತುಂಬಿಕೊಂಡಿದ್ದರೂ ಅವಳಿಗೆ ಗೊತ್ತಾಗಿರಲಿಲ್ಲ. ಸ್ಕ್ಯಾನಿಂಗ್ ನೋಡಿದ ಸರ್ಜನ್, ಮೆತ್ತೆ ಒಡೆದು ಕೆಳಗಿನ ನರಗಳ ಗೊಂಚಲನ್ನೇ ಅದುಮಿದೆ, ನೋವು ಇಳಿದದ್ದು ವಾಸಿಯಾಗಿ ಅಲ್ಲ, ನರ ಸೋತು ಎಂದರು. ಸಂಜೆಯೊಳಗೆ ಆಪರೇಷನ್ ಆಯಿತು. ಕಾಲು ಉಳಿಯುತ್ತದೆ ಅಂದರು. ಉಳಿದದ್ದಕ್ಕೆ ಮಾತು ಕೊಡಲಿಲ್ಲ, ನಳಿಕೆ ತೆಗೆದ ಮೇಲೆ ನೋಡೋಣ ಅಂದರು.

ನಳಿಕೆ ತೆಗೆದ ದಿನ ನರ್ಸ್ ಅವಳ ಕೈಗೆ ನೀರಿನ ಜಗ್ಗು ಕೊಟ್ಟು ಎಲ್ಲ ಕುಡಿಯಿರಿ ಎಂದರು. ಅವಳು ಕುಡಿದಳು. ಮಧ್ಯಾಹ್ನವಾಗುವ ಹೊತ್ತಿಗೆ ಗೋಡೆ ಹಿಡಿದು ನಡೆಯುತ್ತ ಶೌಚಾಲಯದೊಳಗೆ ಹೋದಳು. ನಾನು ಬಾಗಿಲ ಹೊರಗೆ ಕಿವಿಗೊಟ್ಟು ನಿಂತೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ನೀರು ಬಿದ್ದ ಸದ್ದು. ನನಗೆ ಕುಣಿಯಬೇಕೆನ್ನಿಸಿತು.

"ಅಕ್ಕಾ, ಬಂತಲ್ಲೇ!" ಎಂದು ಕೂಗಿದೆ.

ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ಹೌದಾ? ನಿಂಗೂ ಕೇಳಿಸ್ತಾ? ನಂಗೂ ಸದ್ದು ಕೇಳೇ ಗೊತ್ತಾಗಿದ್ದು ಕಣೆ."