ಮೇಲಿನ ಕೆರೆಯಿಂದ ಕೆಳಗಿನ ಕೆರೆಗೆ

1999ರ ಮಾರ್ಚ್ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಜಾಗ ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟದ ಕೆರೆ. ಅಲ್ಲಿದ್ದವರು ಮೂವರು: ತೋಟದ ಯಜಮಾನರಾದ ಮಂಜಪ್ಪಗೌಡರು, ಅವರ ಜೀಪ್ ಡ್ರೈವರ್ ಲಾರೆನ್ಸ್, ನಾನು. ಮೂವರಲ್ಲಿ ಯಾರೂ ಕುಡಿದಿರಲಿಲ್ಲ. ಇದನ್ನು ಕೇಳಿದವರೆಲ್ಲ ಮೊದಲು ಎತ್ತುವ ಪ್ರಶ್ನೆ ಅದೇ ಆದ್ದರಿಂದ ಮೊದಲೇ ಹೇಳಿಬಿಟ್ಟಿದ್ದೇನೆ.

ಇಂಥ ವಿಷಯಗಳನ್ನು ನಾನು ನಂಬುತ್ತಿರಲಿಲ್ಲ. ಹತ್ತಿರದ ಇನ್ನೊಂದು ತೋಟದಲ್ಲಿ ಬಹಳ ವರ್ಷ ಎಸ್ಟೇಟ್ ಮ್ಯಾನೇಜರ್ ಆಗಿದ್ದವನು ನಾನು. ಬೆಳಿಗ್ಗೆ ಆಳುಗಳ ಹಾಜರಿ, ಸಂಜೆ ಸ್ಟೋರಿನ ಬೀಗ. ನಡುವೆ ಏನು ನಡೆದರೂ ಅದಕ್ಕೊಂದು ಕಾರಣ ಇರುತ್ತದೆ, ಹುಡುಕಿದರೆ ಸಿಗುತ್ತದೆ ಎಂದುಕೊಂಡು ಬದುಕಿದೆ. ಆಳುಗಳ ಲೈನ್‌ಮನೆಯ ಹತ್ತಿರ ದೆವ್ವ ಕಂಡಿತು ಎಂದವರಿಗೆ, ಬೇಲಿಗೆ ಸಿಕ್ಕಿಕೊಂಡ ಪಂಚೆಯನ್ನು ಬಿಡಿಸಿ ಕೈಗೆ ಕೊಟ್ಟು ಬಂದಿದ್ದೂ ಉಂಟು.

ಆ ವರ್ಷ ಕಾಫಿ ಮೊಗ್ಗು ಅರಳಿಸುವ ಹೂಮಳೆ ಕೈಕೊಟ್ಟಿತ್ತು. ರೊಬಸ್ಟಾ ಗಿಡಗಳಲ್ಲಿ ಮೊಗ್ಗು ಬಲಿತು ನಿಂತಿತ್ತು. ಆ ವಾರ ನೀರು ಕಾಣಿಸದಿದ್ದರೆ ಅದು ಅಲ್ಲೇ ಕರಟಿ ವರ್ಷದ ಫಸಲು ಹೋಗುತ್ತದೆ. ಅಕ್ಕಪಕ್ಕದ ತೋಟಗಳಲ್ಲಿ ಸ್ಪ್ರಿಂಕ್ಲರ್ ತಿರುಗುತ್ತಿದ್ದವು. ಮಂಜಪ್ಪಗೌಡರ ತೋಟದಲ್ಲಿ ಪೈಪುಗಳನ್ನೆಲ್ಲ ಜೋಡಿಸಿ ಆಗಿದ್ದರೂ ಡೀಸೆಲ್ ಎಂಜಿನ್ ಮಾತ್ರ ಕೆರೆದಂಡೆಯ ಮೇಲೆ ಸುಮ್ಮನೆ ಕೂತಿತ್ತು.

ಅದಕ್ಕೆ ಕಾರಣ ಒಂದು ಮೀನು. ಗೌಡರ ಹೆಂಡತಿ ಸುಶೀಲಮ್ಮ ಹಿಂದೊಮ್ಮೆ ಕಾಟ್ಲಾ, ರೋಹು ಎರಡೂ ಸೇರಿದ ಮಿಶ್ರತಳಿಯ ಮರಿಗಳನ್ನು ತರಿಸಿ ಆ ಕೆರೆಗೆ ಬಿಟ್ಟಿದ್ದರು. ಅವುಗಳಲ್ಲಿ ಒಂದು ಎಲ್ಲವನ್ನೂ ಮೀರಿ ಬೆಳೆದು, ಅವರ ಕೈಯಿಂದಲೇ ಕಡಲೆಹಿಂಡಿ ತಿನ್ನುವಷ್ಟು ಪಳಗಿತ್ತು. ಬಾಲದ ಮೇಲಿನ ತುದಿ ಹರಿದಿದ್ದರಿಂದ ಅದರ ಗುರುತು ಸುಲಭ. ಸುಶೀಲಮ್ಮ ಆಗ ಮಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಕಾಯುತ್ತ ಮಲಗಿದ್ದರು. ಪಂಪ್ ಹಾಕಿದರೆ ಈ ಕೆರೆ ತಳ ಕಾಣುತ್ತದೆ, ಅದಕ್ಕೆ ಮೊದಲು ಮೀನನ್ನು ಕೆಳಗಿನ ಕೆರೆಗೆ ಬಿಡಬೇಕು ಎಂದು ಗಂಡನಿಂದ ಮಾತು ತೆಗೆದುಕೊಂಡಿದ್ದರು. ಮೇಲಿನದು ಕಣಿವೆಗೆ ದಂಡೆ ಕಟ್ಟಿ ಮಾಡಿದ ಕೆರೆ, ತಳದಲ್ಲೆಲ್ಲ ಹಳೆಯ ಮರದ ಬುಡಗಳು. ಬಲೆ ಹಾಕಿದರೆ ಹರಿಯುತ್ತದೆ. ಉಳಿದದ್ದು ಗಾಳ. ನನಗೆ ಅದರ ಹುಚ್ಚು ಇದ್ದದ್ದರಿಂದ ಗೌಡರು ಹೇಳಿಕಳಿಸಿದ್ದರು.

ಎರಡು ದಿನ ಏನೂ ಕಚ್ಚಲಿಲ್ಲ. ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಗೌಡರು ಮಂಗಳೂರಿಗೆ ಹೊರಡಬೇಕಿತ್ತು. ಅವರು ದಂಡೆಯ ಮೇಲೆ ಕೂರುತ್ತಿರಲಿಲ್ಲ, ನಿಲ್ಲುತ್ತಲೂ ಇರಲಿಲ್ಲ. ಎಂಜಿನ್ ತನಕ ಹೋಗಿ, ಪಕ್ಕದ ಗಿಡದ ಮೊಗ್ಗು ಮುಟ್ಟಿ ನೋಡಿ ವಾಪಸ್ ಬರುತ್ತಿದ್ದರು.

"ನಿಮ್ಮ ಶಿಸ್ತು ಮೀನಿಗೂ ಬಂದಿದೆ ಸಾರ್, ಭಾನುವಾರ ರಜೆ ಅಂತ ಗೊತ್ತು ಅದಕ್ಕೆ," ಎಂದ ಲಾರೆನ್ಸ್ ನನಗೆ.

"ನೀನು ಬಾಯಿ ಮುಚ್ಚಿದ್ರೆ ಕೆಲಸಕ್ಕೆ ಬಂದೀತು ಮಾರಾಯ," ಎಂದರು ಗೌಡರು.

ಸ್ವಲ್ಪ ಹೊತ್ತಿಗೆ ದಾರ ಒಮ್ಮೆ ಸಡಿಲವಾಗಿ, ಮತ್ತೆ ಬಿಗಿಯಾಗಿ ನೇರ ಮರದ ಬುಡಗಳ ಕಡೆ ಓಡಿತು. ಅದನ್ನು ಅಲ್ಲಿಂದ ತಿರುಗಿಸುವಷ್ಟರಲ್ಲಿ ನನ್ನ ಹೆಬ್ಬೆರಳು ಸುಲಿದಿತ್ತು. ಕೊನೆಗೆ ಅದು ದಡಕ್ಕೆ ಬಂದು ಮಗ್ಗುಲಾದಾಗ ಗೌಡರು ಪಂಚೆಯಲ್ಲೇ ನೀರಿಗಿಳಿದು ಮಗುವನ್ನು ಎತ್ತುವಂತೆ ತಬ್ಬಿ ಎತ್ತಿದರು. ಕಾಟ್ಲಾದ ದೊಡ್ಡ ತಲೆ, ರೋಹುವಿನ ಕೆಂಪು ಛಾಯೆ, ಹರಿದ ಬಾಲ. "ಇದೇ," ಎಂದರು. ಗಾಳ ಬಿಡಿಸಿದವನು ನಾನೇ, ಅದರ ತುಟಿ ನನ್ನ ಬೆರಳನ್ನು ಚೀಪಿದ್ದು ನೆನಪಿದೆ.

ಕೆರೆಯ ನೀರು ತುಂಬಿದ್ದ ಪ್ಲಾಸ್ಟಿಕ್ ಡ್ರಮ್ಮಿಗೆ ಅದನ್ನು ಇಳಿಸಿ, ಡ್ರಮ್ಮಿನ ಬಾಯಿಗೆ ಒದ್ದೆ ಗೋಣಿ ಹೊದಿಸಿ, ತೆಂಗಿನ ಹಗ್ಗದಿಂದ ನಾನೇ ಬಿಗಿದೆ. ನಾನು ಹಾಕಿದ ಗಂಟು ತಾನಾಗಿ ಬಿಚ್ಚುವುದಿಲ್ಲ. ಜೀಪಿನ ಹಿಂದೆ ಗೌಡರು ಡ್ರಮ್ಮನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಕೂತರು. ಎದುರಿಗೆ ನಾನು. ತೋಟದೊಳಗಿನ ಇಳಿಜಾರು ದಾರಿ, ಎಲ್ಲೂ ನಿಲ್ಲಿಸಲಿಲ್ಲ. "ಒದೀತಾ ಉಂಟು ಮಾರಾಯ್ರೆ," ಎಂದು ಗೌಡರು ದಾರಿಯುದ್ದಕ್ಕೂ ಹೇಳುತ್ತಿದ್ದರು. ಪೆಟ್ಟಿನ ಸದ್ದು ನನಗೂ ಕೇಳುತ್ತಿತ್ತು. ಕೆಳಗಿನ ಕೆರೆಯ ಬಳಿ ಜೀಪಿನ ಎಂಜಿನ್ ಆರಿಸಿದ ಮೇಲೂ ಒಂದು ಸಲ ಕೇಳಿಸಿತು.

ಹಗ್ಗ ಬಿಚ್ಚಿದೆ. ಗೋಣಿ ತೆಗೆದೆ. ಡ್ರಮ್ಮಿನಲ್ಲಿ ನೀರು ಮಾತ್ರ ಇತ್ತು. ಆ ನೀರು ಇನ್ನೂ ಸುತ್ತುತ್ತಿತ್ತು.

ಲಾರೆನ್ಸ್ ಭುಜದವರೆಗೆ ಕೈ ಇಳಿಸಿ ತಳವನ್ನೆಲ್ಲ ತಡವಿದ. ಹೊರಗೆ ತೆಗೆದ ಕೈಯಲ್ಲೇ ಶಿಲುಬೆಯ ಗುರುತು ಮಾಡಿಕೊಂಡ. ಬಂದ ದಾರಿಯನ್ನು ನಾನು ಮೇಲಿನ ಕೆರೆಯ ತನಕ ನಡೆದು ನೋಡಿದೆ. ಹಾರಿ ಬಿದ್ದಿದ್ದರೆ ಧೂಳಿನಲ್ಲಿ ಒದ್ದೆ ಇರಬೇಕಿತ್ತು, ಇರಲಿಲ್ಲ. ಗೋಣಿಯಲ್ಲಿ ತೂತಿರಲಿಲ್ಲ. ಮುಂದೆ ಮೇಲಿನ ಕೆರೆ ಕೆಸರಿಗೆ ಇಳಿದಾಗ ಮರದ ಬುಡಗಳ ನಡುವೆಯೂ ಹುಡುಕಿಸಿದೆ. ಬೇರೆ ಮೀನುಗಳಿದ್ದವು, ಅದು ಇರಲಿಲ್ಲ. ನೀರುನಾಯಿ, ಕಳ್ಳರು, ನಮ್ಮದೇ ಕಣ್ಣಿನ ತಪ್ಪು, ಎಲ್ಲವನ್ನೂ ಯೋಚಿಸಿದ್ದೇನೆ. ಸುಲಿದ ಹೆಬ್ಬೆರಳು ಕಣ್ಣಿನ ತಪ್ಪಲ್ಲ.

ನಾನು ನಡೆದು ಹಿಂತಿರುಗಿದಾಗ ಗೌಡರು ಡ್ರಮ್ಮಿನ ಪಕ್ಕದಲ್ಲೇ ಇದ್ದರು. ಅಷ್ಟು ಹೊತ್ತಿನಿಂದ ಕದಲಿರಲಿಲ್ಲವಂತೆ.

"ನಾಳೆ ಹೋದ ಕೂಡಲೇ ಕೇಳ್ತಾಳೆ," ಎಂದರು.

"ಬಿಟ್ಟಾಯ್ತು ಅಂತ ಹೇಳಿ," ಎಂದೆ.

"ಬಿಡದೆ ಹೇಗೆ ಹೇಳೋದು? ಅವಳ ಮುಂದೆ ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ. ಹಿಡೀರಿ ಮಾರಾಯ್ರೆ, ಈ ಕಡೆಯಿಂದ."

ಲಾರೆನ್ಸ್ ಮತ್ತು ನಾನು ಡ್ರಮ್ಮನ್ನು ಕೆರೆಯಂಚಿಗೆ ಹೊತ್ತು ನಿಧಾನಕ್ಕೆ ಬಾಗಿಸಿದೆವು. ಗೌಡರು ಮೊಣಕಾಲುದ್ದ ನೀರಿನಲ್ಲಿ ನಿಂತು, ಸುರಿಯುವ ನೀರಿನ ಕೆಳಗೆ ಎರಡೂ ಅಂಗೈ ಹಿಡಿದರು. ಮೀನಿನ ಹೊಟ್ಟೆಗೆ ಆಸರೆ ಕೊಡುವುದು ಹಾಗೆಯೇ. ಕೊನೆಯ ನೀರು ಇಳಿದ ಮೇಲೂ ಸ್ವಲ್ಪ ಹೊತ್ತು ಕೈ ನೀರಿನಲ್ಲೇ ಇತ್ತು. ಆಮೇಲೆ ಅಗಲಿಸಿದರು.

"ಹೋಯ್ತು," ಎಂದರು.

ಅವರ ಕಣ್ಣು ಕೆರೆಯ ನಡುವಿನ ತನಕ ಏನನ್ನೋ ಹಿಂಬಾಲಿಸಿತು. ಲಾರೆನ್ಸನದೂ ಅಷ್ಟೇ. ನನಗೆ ಕಂಡದ್ದು ನೀರು ಮಾತ್ರ.

ಹೊತ್ತು ಮುಳುಗುವ ಮೊದಲು ಮೇಲೆ ಬಂದೆವು. ಎಂಜಿನ್ನಿಗೆ ಗೌಡರೇ ಹ್ಯಾಂಡಲ್ ಹಾಕಿದರು. ಪೈಪುಗಳು ಕೆಮ್ಮಿ, ಗಾಳಿ ಕಕ್ಕಿ, ಮೊಗ್ಗುಗಳ ಮೇಲೆ ನೀರು ಬಿತ್ತು. ನಾನು ಸಾಲಿನುದ್ದಕ್ಕೂ ನಡೆದು ಜಾಯಿಂಟುಗಳನ್ನು ನೋಡಿ, ಸೋರುತ್ತಿದ್ದ ಒಂದನ್ನು ಬಿಗಿ ಮಾಡಿದೆ. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.