ಸ್ವಂತ ಬುದ್ಧಿಗೆ ಎಷ್ಟು ಅಂಕ?

ಸಿಪಾಯಿಗಳ ಕೆಲಸಕ್ಕೆ ವರ್ಷಕ್ಕೊಮ್ಮೆ ಅಂಕ ಹಾಕುವಷ್ಟು ತಲೆನೋವಿನ ಡ್ಯೂಟಿ ಸೈನ್ಯದಲ್ಲಿ ಇನ್ನೊಂದಿಲ್ಲ. ಕಡಿಮೆ ಕೊಟ್ಟರೆ ಮುಖಕ್ಕೇ ಕಾರಣ ಹೇಳಿ ಸಹಿ ಹಾಕಿಸಿಕೊಳ್ಳಬೇಕು. ನಮ್ಮ ಮುಂಬೈ ಡಿಪೋದಲ್ಲಿ ಬಡ್ತಿಗೆ ಕಾದಿದ್ದ ಸಿಪಾಯಿ ಬಸುವಿಗೆ ‘ಸ್ವಂತ ಬುದ್ಧಿ’ಯಲ್ಲಿ ಕಡಿಮೆ ಅಂಕ ಹಾಕಿ ಕರೆಸಿದೆ. ಕುರ್ಲಾದ ಕನ್ನಡಿಗರ ವಠಾರದಲ್ಲಿ ಬೆಳೆದವನು.

“ಸ್ವಂತ ಬುದ್ಧಿ ಓಡಸೂದೇ ಇಲ್ಲ ನೀ. ಹೇಳಿದಷ್ಟೇ ಮಾಡ್ತಿ. ಬಡ್ತಿ ಹೆಂಗ ಸಿಗ್ತದೋ?” ಎಂದು ರೇಗಿದೆ.

“ಸಾಬ್, ಹೋದ ಮಳೆಗಾಲದಾಗ ಗೋದಾಮಿಗೆ ನೀರು ನುಗ್ಗಿತ್ತು. ನಾ ಯಾರನ್ನೂ ಕೇಳಲಿಲ್ಲ, ಬಾಗಲದ ತಾಲಾ ಒಡದು ಅಕ್ಕಿ ಚೀಲ ಎಲ್ಲಾ ಮ್ಯಾಲ ಇಟ್ಟೆ. ಆರ್ಡರ್ ಇಲ್ಲದ ಯಾಕ ಒಡದಿ ಅಂತ ನೀವೇ ಮೈದಾನ ಸುತ್ತ ಓಡಿಸಿದ್ರಿ.”

ಅದೇ ಅಕ್ಕಿಯ ಅನ್ನವನ್ನು ಆಮೇಲೆ ನಾನೂ ಉಂಡಿದ್ದೆ. ಆದರೂ ಮೈ ಉರಿಯಿತು.

“ಭಾಳ ತಲಿ ಓಡಿಸಬ್ಯಾಡ! ಹೇಳಿದಷ್ಟು ಮಾಡು, ಸಹಿ ಹಾಕು!” ಎಂದು ಗದರಿದೆ.

ಹೇಳಿದಷ್ಟೇ ಮಾಡಿದ.